ಹಣ್ಣುನೊಣದ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕರ ಕೆಲಸ: ಕೊಡಗಿನ ವಿದ್ಯಾರ್ಥಿಗಳಿಗೆ

ತಳಿವಿಜ್ಞಾನದ ಪ್ರಯೋಗಾಲಯ ಸೇರಲು ಬಯಸುವ ಪದವೀಧರರು ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕೊಡಗಿನ ಕಿತ್ತಳೆಯನ್ನು ಚುಚ್ಚಿ ಮೊಟ್ಟೆಯಿಟ್ಟು ಕೊಳೆಸುವ ನೊಣ ಬೇರೆ. ಮಾಗಿದ ಬಾಳೆಗೊನೆಯ ಸುತ್ತಲೂ ಕಾಫಿ ಪಲ್ಪಿಂಗ್ ಮಾಡಿದ ಸಿಪ್ಪೆಯ ರಾಶಿಯ ಮೇಲೂ ಹಾರಾಡುವ, ಎರಡು ಮೂರು ಮಿಲಿಮೀಟರ್ ಉದ್ದದ ಡ್ರೊಸೊಫಿಲಾ ಬೇರೆ. ನಮ್ಮ ಕೆಲಸ ಎರಡನೆಯದರೊಡನೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದಕ್ಕೆಂದೇ ಡ್ರೊಸೊಫಿಲಾ ಸ್ಟಾಕ್ ಸೆಂಟರ್, ಅಂದರೆ ಈ ನೊಣದ ತಳಿಗಳನ್ನು ಕಾದಿಡುವ ಕೇಂದ್ರ ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಮತ್ತು ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಈ ನೊಣದ ಮೇಲೆ ಸಂಶೋಧನೆ ನಡೆಯುತ್ತದೆ. ಅಲ್ಲಿಗೆ ಹೋಗುವವರಿಗೂ ಮಡಿಕೇರಿ, ವಿರಾಜಪೇಟೆಯ ಕಾಲೇಜುಗಳಲ್ಲಿ ಚಿಕ್ಕ ಮಟ್ಟದಲ್ಲಿ ನೊಣ ಸಾಕುವವರಿಗೂ ಕೆಲಸದ ಕ್ರಮ ಒಂದೇ. ಸಹಾಯಕರ ಮುಖ್ಯ ಹೊಣೆ ಸೂಕ್ಷ್ಮದರ್ಶಕದ ಮುಂದೆ ಕೂರುವುದಲ್ಲ, ತಳಿಗಳು ಬೆರೆಯದಂತೆ ಕಾಯುವುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಹಾರ ತಯಾರಿಕೆಯಿಂದ ಆರಂಭಿಸಿ. ಮೈಸೂರಿನ ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿರುವ ಅಳತೆಯಂತೆ 1000 ಮಿಲಿಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ ಮತ್ತು ಆಹಾರ ಗಟ್ಟಿಯಾಗಲು 8 ಗ್ರಾಂ ಅಗಾರ್ ಹಾಕಿ, ಗಂಟಾಗದಂತೆ ಕಲಕುತ್ತ ಬೇಯಿಸಬೇಕು. ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಬಳಿಕ 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲವನ್ನು ಬೆರೆಸಬೇಕು. ಬೂಷ್ಟನ್ನು ತಡೆಯುವುದು ಅದೇ. ಬಾಟಲಿಗೆ ಸುರಿದ ಆಹಾರ ಆರುವವರೆಗೆ ಅದರ ಮೇಲೆ ತೆಳುಬಟ್ಟೆ ಹೊದಿಸುವುದನ್ನು ಎಂದಿಗೂ ಮರೆಯಬಾರದು. ಕೋಣೆಯಲ್ಲಿ ತಪ್ಪಿಸಿಕೊಂಡು ಹಾರಾಡುವ ಒಂದೇ ಒಂದು ಹೆಣ್ಣು ಅದರಲ್ಲಿ ಮೊಟ್ಟೆಯಿಟ್ಟರೂ ನೀವು ಮುಂದೆ ಬಿಡುವ ಶುದ್ಧ ತಳಿ ಶುದ್ಧವಾಗಿ ಉಳಿಯುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಚ್ಚರಿಕೆ ಇಮ್ಮಡಿಯಾಗಬೇಕು. ಗಾಳಿಯ ತೇವಕ್ಕೆ ಆಹಾರ ಬೇಗ ಆರುವುದಿಲ್ಲ, ಗಾಜಿನ ಒಳಗೋಡೆಯ ಮೇಲೆ ನೀರಹನಿ ನಿಂತು ನೊಣಗಳು ರೆಕ್ಕೆ ಅಂಟಿ ಸಾಯುತ್ತವೆ, ಹತ್ತಿಯ ಬಿರಡೆಗೆ ಬೂಷ್ಟು ಹಿಡಿಯುತ್ತದೆ, ನುಸಿಯೂ ಸೇರಿಕೊಳ್ಳುತ್ತದೆ. ನುಸಿ ಕಂಡ ಬಾಟಲಿಯನ್ನು ಉಳಿದವುಗಳ ಸಾಲಿನಿಂದ ಕೂಡಲೇ ದೂರವಿಡಿ. ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಸಾಮಾನ್ಯವಾದ್ದರಿಂದ ಇನ್‌ಕ್ಯುಬೇಟರ್‌ನ ಉಷ್ಣತೆಯನ್ನು ಬೆಳಿಗ್ಗೆ ಸಂಜೆ ಬರೆದಿಡಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆಯಿಂದ ಪ್ರೌಢ ನೊಣವಾಗಲು ಸುಮಾರು ಹತ್ತು ದಿನ ಸಾಕು. 18 ಡಿಗ್ರಿಯಲ್ಲಿ ಅದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಕಾಲ ಬೇಕು. ಚಳಿಯ ಪರಿಣಾಮ ಇಷ್ಟಕ್ಕೇ ನಿಲ್ಲುವುದಿಲ್ಲ. ತಳಿಯ ಗುರುತಾಗಿ ಬಳಸುವ ‘ಕರ್ಲಿ’ ಎಂಬ ಸುರುಳಿ ರೆಕ್ಕೆ 19 ಡಿಗ್ರಿಯ ಆಸುಪಾಸಿನಲ್ಲಿ ಬೆಳೆದ ನೊಣಗಳಲ್ಲಿ ನೆಟ್ಟಗೇ ಕಾಣಬಹುದು. ಮಳೆಗಾಲದ ಮಡಿಕೇರಿಯಲ್ಲಿ ಹೊರಗೆ ಬೆಳೆದ ಬಾಟಲಿಯಿಂದ ಅಂಥ ನೊಣಗಳನ್ನು ಎಣಿಸಿದರೆ ಲೆಕ್ಕವೇ ತಪ್ಪಾಗುತ್ತದೆ.

ಪ್ರತಿ ತಳಿಯನ್ನೂ ಕನಿಷ್ಠ ಎರಡು ಬಾಟಲಿಗಳಲ್ಲಿ, ಕೆಲವು ದಿನಗಳ ಅಂತರದಲ್ಲಿ ಬದಲಾಯಿಸುತ್ತ ಇಟ್ಟುಕೊಳ್ಳಿ. ಒಂದು ಹಾಳಾದರೆ ಇನ್ನೊಂದು ಉಳಿದಿರುತ್ತದೆ. ತಳಿಯ ಹೆಸರು, ಬದಲಾಯಿಸಿದ ದಿನಾಂಕ ಮತ್ತು ಬದಲಾಯಿಸಿದವರ ಗುರುತನ್ನು ಪೆನ್ಸಿಲಿನಲ್ಲಿ ಬರೆಯಬೇಕು, ಏಕೆಂದರೆ ತೇವಕ್ಕೆ ಶಾಯಿ ಕದಡುತ್ತದೆ. ಚೀಟಿಯನ್ನು ಹೊಸ ಬಾಟಲಿಗೆ ಅಂಟಿಸಿದ ಮೇಲೆಯೇ ನೊಣಗಳನ್ನು ವರ್ಗಾಯಿಸಿ. ಮೇಜಿನ ಮೇಲೆ ಬಿದ್ದ ನೊಣ ಯಾವ ಬಾಟಲಿಯದೆಂದು ಎಷ್ಟೇ ಖಚಿತವಾಗಿ ಅನ್ನಿಸಿದರೂ ಅದನ್ನು ಮರಳಿ ಹಾಕಬಾರದು. ಪರೀಕ್ಷಿಸುವಾಗ ನೊಣಗಳ ಪ್ರಜ್ಞೆ ತಪ್ಪಿಸಲು ಈಥರ್ ಬಳಸುವ ಕಡೆ ಬೆಂಕಿ ಹತ್ತಿರವಿರಬಾರದು. ರೆಕ್ಕೆಗಳು ಮೇಲಕ್ಕೆ ಸೆಟೆದು ನಿಂತರೆ ಈಥರ್‌ನ ಅಮಲು ಮಿತಿಮೀರಿ ನೊಣ ಸತ್ತಿದೆಯೆಂದು ತಿಳಿಯಬೇಕು. ಮತ್ತಿನಲ್ಲಿರುವ ನೊಣಗಳನ್ನು ಎಚ್ಚರವಾಗುವವರೆಗೆ ಅಡ್ಡ ಮಲಗಿಸಿದ ವಯಲ್‌ನ (ಆಹಾರ ತುಂಬಿದ ಚಿಕ್ಕ ಸೀಸೆಯ) ಒಣ ಗೋಡೆಯ ಮೇಲೆ ಇಡಿ, ಆಹಾರದ ಮೇಲಲ್ಲ.

ಇನ್ನು ವರ್ಜಿನ್, ಅಂದರೆ ಇನ್ನೂ ಗಂಡಿನೊಡನೆ ಕೂಡದ ಹೆಣ್ಣುಗಳನ್ನು ಆರಿಸುವ ಕೆಲಸ. ಹೆಣ್ಣುನೊಣ ಒಮ್ಮೆ ಕೂಡಿದರೆ ವೀರ್ಯಾಣುಗಳನ್ನು ದೇಹದಲ್ಲಿ ಕೂಡಿಟ್ಟುಕೊಂಡು ದಿನಗಟ್ಟಲೆ ಬಳಸುತ್ತದೆ. ಆಮೇಲೆ ನೀವು ಬೇರೆ ಗಂಡನ್ನು ಬಿಟ್ಟರೂ ಮರಿಗಳ ತಂದೆ ಯಾರೆಂದು ಹೇಳಲಾಗದು. ಆದ್ದರಿಂದ ಬೆಳಿಗ್ಗೆ ಬಾಟಲಿಯಲ್ಲಿರುವ ಎಲ್ಲ ಪ್ರೌಢ ನೊಣಗಳನ್ನೂ ತೆಗೆದುಬಿಟ್ಟು, 25 ಡಿಗ್ರಿಯಲ್ಲಾದರೆ ಎಂಟು ಗಂಟೆಯೊಳಗೆ ಹೊಸದಾಗಿ ಹೊರಬಂದ ಹೆಣ್ಣುಗಳನ್ನು ಬೇರ್ಪಡಿಸಬೇಕು. ಆಗತಾನೇ ಹೊರಬಂದ ನೊಣದ ಮೈ ಬಿಳಿಚಿಕೊಂಡಿರುತ್ತದೆ, ಹೊಟ್ಟೆಯ ಚರ್ಮದ ಮೂಲಕ ಒಳಗಿನ ಕಪ್ಪು ಚುಕ್ಕೆಯೊಂದು ಕಾಣುತ್ತದೆ. ಮೆಲನೊಗ್ಯಾಸ್ಟರ್ ಪ್ರಭೇದದ ಬಲಿತ ಗಂಡಿಗೆ ಹೊಟ್ಟೆಯ ತುದಿ ಕಪ್ಪು, ಮುಂಗಾಲಿನಲ್ಲಿ ಬಾಚಣಿಗೆಯಂಥ ಕಪ್ಪು ಕೂದಲ ಸಾಲು. ಎಳೆಯ ಗಂಡಿನ ತುದಿಗೆ ಇನ್ನೂ ಬಣ್ಣ ಬಂದಿರುವುದಿಲ್ಲವಾದ್ದರಿಂದ ಮುಂಗಾಲನ್ನೇ ನೋಡಿ. ಆರಿಸಿದ ಹೆಣ್ಣುಗಳನ್ನು ಮೂರು ನಾಲ್ಕು ದಿನ ಪ್ರತ್ಯೇಕವಾಗಿ ಇಟ್ಟು, ಆಹಾರದಲ್ಲಿ ಮರಿಹುಳು ಕಂಡರೆ ಆ ಗುಂಪನ್ನು ಪ್ರಯೋಗಕ್ಕೆ ಬಳಸಬಾರದು.

ನಿಮ್ಮ ಕೈ ಪಳಗಿದೆಯೇ ಎಂದು ಪರೀಕ್ಷಿಸಲು ಬಿಳಿಗಣ್ಣಿನ ತಳಿಗಿಂತ ಒಳ್ಳೆಯ ಗುರು ಇಲ್ಲ. ಅಮೆರಿಕದ ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ವರದಿ ಮಾಡಿದ ಈ ಗುಣದ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ. ಬಿಳಿಗಣ್ಣಿನ ಹೆಣ್ಣನ್ನು ಕೆಂಪುಗಣ್ಣಿನ ಗಂಡಿನೊಂದಿಗೆ ಕೂಡಿಸಿದರೆ ಗಂಡುಮಕ್ಕಳಿಗೆ ತಾಯಿಯ ಎಕ್ಸ್ ಮಾತ್ರ ದೊರೆತು ಕಣ್ಣು ಬಿಳಿಯಾಗುತ್ತದೆ, ಹೆಣ್ಣುಮಕ್ಕಳಿಗೆ ತಂದೆಯ ಎಕ್ಸ್ ಕೂಡ ದೊರೆತು ಕಣ್ಣು ಕೆಂಪಾಗುತ್ತದೆ. ಈಗ ನೀವು ಆರಿಸಿದ ಹೆಣ್ಣು ವರ್ಜಿನ್ ಆಗಿರದೆ ಬಾಟಲಿಯಲ್ಲೇ ತನ್ನ ಬಿಳಿಗಣ್ಣಿನ ಸೋದರನೊಂದಿಗೆ ಕೂಡಿದ್ದರೆ ಏನಾಗುತ್ತದೆ? ಗಂಡುಮಕ್ಕಳು ಆಗಲೂ ಬಿಳಿಗಣ್ಣಿನವೇ ಆದ್ದರಿಂದ ಅವನ್ನು ನೋಡಿ ಏನೂ ತಿಳಿಯದು. ಗುಟ್ಟು ರಟ್ಟು ಮಾಡುವವು ಬಿಳಿಗಣ್ಣಿನ ಹೆಣ್ಣುಮಕ್ಕಳು. ತಾಯಿಯ ಎರಡು ಎಕ್ಸ್ ವರ್ಣತಂತುಗಳು ಬೇರ್ಪಡದೆ ಒಂದೇ ಅಂಡಾಣುವಿನಲ್ಲಿ ಉಳಿದಾಗಲೂ ಅಂಥ ಮಗಳು ಬಹಳ ಅಪರೂಪವಾಗಿ ಹುಟ್ಟುವುದುಂಟು, ಮತ್ತು ಅದನ್ನೇ ಹಿಡಿದು ಮಾರ್ಗನ್‌ರ ಶಿಷ್ಯ ಕ್ಯಾಲ್ವಿನ್ ಬ್ರಿಡ್ಜಸ್ 1916ರಲ್ಲಿ ಜೀನ್‌ಗಳು ವರ್ಣತಂತುಗಳಲ್ಲಿವೆ ಎಂದು ಸಾಧಿಸಿ ತೋರಿಸಿದರು. ಆದರೆ ಒಂದೇ ವಯಲ್‌ನಲ್ಲಿ ಅವು ಹಲವು ಕಂಡರೆ ಹೊಸ ಶೋಧವೆಂದು ಹಿಗ್ಗದೆ ನಿಮ್ಮ ಆಯ್ಕೆಯನ್ನು ಶಂಕಿಸಿ, ಪ್ರಯೋಗವನ್ನು ಮತ್ತೆ ಮಾಡಿ. ಕಂಡದ್ದನ್ನು ಕಂಡಂತೆಯೇ ಪುಸ್ತಕದಲ್ಲಿ ಬರೆಯಬೇಕು. ಒಗ್ಗದ ಎಣಿಕೆಯನ್ನು ಅಳಿಸುವ ಅಧಿಕಾರ ಸಹಾಯಕರಿಗಿಲ್ಲ, ಮಾರ್ಗದರ್ಶಕರಿಗೂ ಇಲ್ಲ.

ತೋಟದ ನೊಣಗಳನ್ನು ಹಿಡಿಯುವುದಾದರೆ, ಹಿಸುಕಿದ ಬಾಳೆಹಣ್ಣಿಗೆ ಯೀಸ್ಟ್ ಬೆರೆಸಿದ ಬಾಟಲಿಗಳನ್ನು ಮಾಲೀಕರ ಒಪ್ಪಿಗೆ ಪಡೆದು ಕಾಫಿ ಗಿಡದ ನೆರಳಿನಲ್ಲಿ ಕಟ್ಟಿ. ಔಷಧಿ ಹೊಡೆದ ದಿನಗಳಲ್ಲಿ ಬೇಡ. ಮೇಲೆ ಹೇಳಿದ ಗಂಡಿನ ಗುರುತುಗಳು ಎಲ್ಲ ಪ್ರಭೇದಗಳಿಗೂ ಹೊಂದುವುದಿಲ್ಲ: ನಾಸುಟಾ ಎಂಬ ಡ್ರೊಸೊಫಿಲಾ ಪ್ರಭೇದದ ಗಂಡನ್ನು ಬೆಳ್ಳಿಯ ಹೊಳಪಿನ ಹಣೆಯಿಂದ ಗುರುತಿಸಬೇಕು. ಒಂದು ವಯಲ್‌ಗೆ ಒಂದೇ ಹೆಣ್ಣನ್ನು ಬಿಟ್ಟು, ಸ್ಥಳ ಮತ್ತು ದಿನಾಂಕ ಬರೆದು, ಪ್ರಭೇದ ಖಚಿತವಾಗುವವರೆಗೆ ಪ್ರಯೋಗಾಲಯದ ತಳಿಗಳಿಂದ ದೂರ, ಬೇರೆ ಕೋಣೆಯಲ್ಲಿ ಬೆಳೆಸಬೇಕು.

ಹುತ್ತರಿಗೋ ಕೈಲ್‌ಪೊಳ್ದ್‌ಗೋ ಊರಿಗೆ ಹೊರಡುವ ಮುನ್ನ, ಯಾವ ಬಾಟಲಿಯನ್ನು ಯಾವ ದಿನ ಬದಲಾಯಿಸಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಹೆಸರು ಸಹಿತ ಬರೆದು, ಉಳಿಯುವ ಸಹೋದ್ಯೋಗಿಯನ್ನು ಕಪಾಟಿನ ಮುಂದೆ ನಿಲ್ಲಿಸಿಕೊಂಡು ಒಂದೊಂದನ್ನೇ ತೋರಿಸಿ ಹೇಳಿ ಹೋಗಬೇಕು.