ಉಪ್ಪು, ಮರಳು, ಕಬ್ಬಿಣದ ಪುಡಿ: ಯಾವುದು ಮೊದಲು?

ಆರನೇ ಕ್ಲಾಸಿನ ಮಕ್ಕಳಿಗೆ ಮಿಶ್ರಣ ಬೇರ್ಪಡಿಸೋದು ಹೇಳಿಕೊಡೋರಿಗೆ ಒಂದು ಸಲಹೆ. ಈ ಮೂರನ್ನೂ ಕಲಸಿಕೊಟ್ಟು, ಯಾವುದನ್ನ ಮೊದಲು ತೆಗೀತೀರಿ ಅಂತ ಕೇಳಿ. ಸುಮಾರು ಮಕ್ಕಳು ಸೀದಾ ನೀರು ಸುರಿದುಬಿಡ್ತಾರೆ. ಒದ್ದೆಯಾದ ಮೇಲೆ ಕಬ್ಬಿಣದ ಪುಡಿ ಮರಳಿಗೆ ಮೆತ್ತಿಕೊಂಡು ಪೇಚಾಟ, ತುಕ್ಕು ಬೇರೆ. ಒಣಗಿದ್ದಾಗಲೇ ಅಯಸ್ಕಾಂತ ಆಡಿಸಬೇಕು. ಅದಕ್ಕೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿರಿ. ಆಮೇಲೆ ಕವರಿನಿಂದ ಅಯಸ್ಕಾಂತ ಹೊರಗೆಳೆದರೆ ಪುಡಿಯೆಲ್ಲ ತಾನಾಗೇ ಉದುರುತ್ತೆ. ಇಲ್ಲಾಂದ್ರೆ ಕೆರೆದು ಕೆರೆದು ಸಾಕಾಗುತ್ತೆ.

ಉಳಿದದ್ದು ಸುಲಭ. ನೀರು ಹಾಕಿ ಕಲಕಿ, ಮರಳು ತಳಕ್ಕೆ ಕೂತ ಮೇಲೆ ತಿಳಿ ಬಸಿದು ಬಟ್ಟೆಯಲ್ಲಿ ಸೋಸಿ. 100 ಮಿ.ಲೀ. ನೀರಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತೆ, ಹಾಗಾಗಿ ಎರಡು ಚಮಚಕ್ಕೆ ಅರ್ಧ ಲೋಟ ಧಾರಾಳ. ಅಗಲವಾದ ತಟ್ಟೇಲಿ ಬಿಸಿಲಿಗಿಟ್ಟರೆ ಬೇಗ ಆರುತ್ತೆ. ಆ ಉಪ್ಪಿನ ರುಚಿ ನೋಡೋಕೆ ಮಾತ್ರ ಬಿಡಬೇಡಿ.