ರುಮಾಲು ಬಿಚ್ಚುವ ಮೊದಲು ಒಂದು ಫೋಟೋ ತೆಗೆಯಿರಿ

ನಮ್ಮದು ಜಮಖಂಡಿ ಹತ್ತಿರ, ಕೃಷ್ಣಾ ದಂಡೆಯ ಹಳ್ಳಿ. ಮನೆಯಲ್ಲಿ ಹಿಂದೆ ಕುಲಕರ್ಣಿಕೆ, ಅಂದರೆ ಊರಿನ ಲೆಕ್ಕ ಬರೆಯುವ ಕೆಲಸ, ಇತ್ತು. ಅದು ಹೋಗಿ ಎಷ್ಟೋ ವರ್ಷ ಆಯ್ತು, ಆ ಕಾಗದಪತ್ರಗಳ ದಫ್ತರ ಮಾತ್ರ ಕೋಣೆಯ ಟ್ರಂಕಿನಲ್ಲೇ ಉಳಿದಿತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು, ಅಂದರೆ ರುಮಾಲು, ಹನ್ನೊಂದು; ಒಳಗೆಲ್ಲಾ ಮರಾಠಿ ಬರೆಯುತ್ತಿದ್ದ ಹಳೆಯ ಮೋಡಿ ಲಿಪಿ. ಯಾರಿಗೂ ಓದಲು ಬರುತ್ತಿರಲಿಲ್ಲ. ಖಂಡೇನವಮಿಗೆ ಕುಂಕುಮ ಹಚ್ಚಿ ಮತ್ತೆ ಒಳಗಿಡುತ್ತಿದ್ದೆವು, ಅಷ್ಟೇ.

2019ರ ಆಗಸ್ಟ್‌ನಲ್ಲಿ ಹೊಳೆ ಬಂತು. ಟ್ರಂಕಿಗೆ ನೀರು ಹೊಕ್ಕಿತು.

ನಾನು ಮಾಡಿದ ಮೊದಲ ತಪ್ಪು: ಮೂರು ರುಮಾಲು ಬಿಚ್ಚಿ ಮಾಳಿಗೆ ಮೇಲೆ ಬಿಸಿಲಿಗೆ ಹರಡಿದೆ. ಸಂಜೆಗೆ ಕಾಗದ ಹಪ್ಪಳದ ಹಾಗೆ ಆಗಿತ್ತು, ಮುಟ್ಟಿದರೆ ಮುರಿಯುತ್ತಿತ್ತು. ಗೊತ್ತಿದ್ದವರಿಗೆ ಫೋನ್ ಮಾಡಿದರೆ ಬೈಗುಳ. ನೆರಳಲ್ಲಿ, ಫ್ಯಾನ್ ಗಾಳಿಗೆ, ನಡುವೆ ನೀರು ಹೀರುವ ಬಿಳಿ ಕಾಗದ ಇಟ್ಟು ಒಣಗಿಸಬೇಕಂತೆ. ಒಂದೆರಡು ದಿನದಲ್ಲಿ ಮುಗಿಯೋದಿಲ್ಲ ಅನಿಸಿದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಹೀಗೆ ನಮ್ಮ ಆರು ರುಮಾಲು ಪರಿಚಯದವರ ಐಸ್‌ಕ್ರೀಮ್ ಅಂಗಡಿಯ ಡೀಪ್ ಫ್ರೀಜರಿನಲ್ಲಿ, ಕಸಾಟಾ ಡಬ್ಬಿಗಳ ಕೆಳಗೆ, ಹದಿನೈದು ದಿನ ಇದ್ದವು. ಒಂದೊಂದೇ ತಂದು ಒಣಗಿಸಿದೆವು. ಸೆಲ್ಲೋಟೇಪ್, ಲ್ಯಾಮಿನೇಷನ್ ಎರಡೂ ಬೇಡ. ಆಮೇಲೆ ಬಿಡಿಸಲು ಬರೋದಿಲ್ಲ.

ಆಮೇಲೆ ಮೋಡಿ ಕಲಿಯಲು ಕೂತೆ. ದೇವನಾಗರಿ ಬರುತ್ತದಲ್ಲ, ಸುಲಭ ಅಂದುಕೊಂಡಿದ್ದೆ. ಮೊದಲು ಹಾಳೆಯುದ್ದಕ್ಕೂ ಗೆರೆ ಎಳೆದು, ಅದರ ಕೆಳಗೆ ಕೈ ಎತ್ತದೆ ಬರೆಯುತ್ತಾ ಹೋಗಿರುತ್ತಾರೆ, ಪದದ ನಡುವೆ ಜಾಗವೇ ಇರೋದಿಲ್ಲ, ಒಂದು ಸಾಲಿಗೆ ನನಗೆ ಒಂದು ವಾರ ಹಿಡಿದದ್ದೂ ಇದೆ.

ನಾನು ಓದಿದ ಮೊದಲ ಪೂರ್ತಿ ಕಾಗದ ಒಂದು ಕೌಲು, ಅಂದರೆ ರೈತನಿಗೆ ಕೊಟ್ಟ ಕರಾರು ಪತ್ರ. ಬೀಳು ಹೊಲ ಸಾಗುವಳಿಗೆ ತಂದರೆ ಮೊದಲ ವರ್ಷ ತೀರ್ವೆ (ಭೂಕಂದಾಯ) ಕಡಿಮೆ, ಆಮೇಲೆ ವರ್ಷವರ್ಷಕ್ಕೂ ಸ್ವಲ್ಪ ಜಾಸ್ತಿ. ಭಾಷೆ ಮರಾಠಿ. ಆದರೆ ಹೊಲದ ಗಡಿ ಹೇಳುವಾಗ 'ಹಳ್ಳದ ದಂಡಿ', 'ಎರಿ ಹೊಲ' ಅಂತ ಅಚ್ಚ ಕನ್ನಡ! ಬರೆದವನು ದರಬಾರಿನ ಭಾಷೆ ಬಲ್ಲವನು, ಹೊಲದ ಹೆಸರನ್ನು ಮಾತ್ರ ರೈತ ಹೇಳಿದ ಹಾಗೇ ಬರೆದುಕೊಂಡಿದ್ದಾನೆ. ನನಗೆ ಇದೇ ಎಲ್ಲಕ್ಕಿಂತ ಇಷ್ಟ.

ತಾರೀಖು ಇನ್ನೊಂದು ಕಥೆ. 'ಸಲಾಸ ಅಶರ ಮಯಾತೈನ ಅಲಫ' ಅಂತಿತ್ತು. ಅರಬ್ಬಿ ಅಂಕಿಗಳು: ಮೂರು, ಹತ್ತು, ಇನ್ನೂರು, ಸಾವಿರ. ಕೂಡಿದರೆ 1213, ಮರಾಠರ ದಫ್ತರಗಳಲ್ಲಿ ಬಳಸುತ್ತಿದ್ದ ಶುಹೂರ್ ಸನ್ ಎಂಬ ವರ್ಷದ ಲೆಕ್ಕದಲ್ಲಿ. ಅದಕ್ಕೆ 600 ಸೇರಿಸಿ ಇಸವಿ 1813 ಅಂತ ಬರೆದುಕೊಂಡೆ. ತಪ್ಪು. ಶುಹೂರ್ ವರ್ಷ ಮೃಗಶಿರಾ ಮಳೆ ಹೊತ್ತಿಗೆ, ಜೂನ್ ಮೊದಲಿಗೆ ಶುರುವಾಗುತ್ತದೆ. ಜೂನ್‌ನಿಂದ ಡಿಸೆಂಬರ್‌ವರೆಗಿನ ಕಾಗದಕ್ಕೆ 599, ಜನವರಿಯಿಂದ ಮುಂದಕ್ಕೆ 600. ಕೆಳಗೆ ಜಿಲ್ಹೇಜ, ಅಂದರೆ ಹಿಜರಿ ಪಂಚಾಂಗದ ಕೊನೆಯ ತಿಂಗಳು, ಅಂತಿತ್ತು. ಆ ವರ್ಷ ಅದು ಡಿಸೆಂಬರಿನಲ್ಲಿ ಬಂದಿದೆ. ಅಂದರೆ 1812. ಪಟವರ್ಧನರ ಜಮಖಂಡಿ ಸಂಸ್ಥಾನ ಶುರುವಾದದ್ದೇ 1811ರಲ್ಲಿ, ಅಲ್ವಾ? ಹೊಸ ಸಂಸ್ಥಾನ ಬೀಳು ನೆಲಕ್ಕೆ ರೈತರನ್ನು ಕರೆಯುತ್ತಿದ್ದ ಕಾಗದ ನಮ್ಮ ಟ್ರಂಕಿನಲ್ಲಿತ್ತು. 1948ರಲ್ಲಿ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿತು, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂತು, ಟ್ರಂಕು ಮಾತ್ರ ಅಲ್ಲೇ ಇತ್ತು.

ಈಗ ದೊಡ್ಡ ತಪ್ಪು. ತಾರೀಖು ಓದಲು ಬಂದ ಹುರುಪಿನಲ್ಲಿ ಎಲ್ಲಾ ರುಮಾಲಿನ ಕಾಗದ ಒಟ್ಟು ಸೇರಿಸಿ ವರ್ಷದ ಪ್ರಕಾರ ಜೋಡಿಸಿದೆ. ನೋಡಲು ಚೆಂದ ಕಂಡಿತು. ಆಮೇಲೆ ಗೊತ್ತಾಯ್ತು: ಒಂದೇ ತಕರಾರಿನ ಕಾಗದ, ಹತ್ತಿಪ್ಪತ್ತು ವರ್ಷದವು, ಹಿಂದಿನವರು ಒಟ್ಟಿಗೆ ಕಟ್ಟಿದ್ದರು. ತಾರೀಖಿಲ್ಲದ ಚೀಟಿ ಯಾವುದಕ್ಕೆ ಸೇರಿದ್ದು ಅಂತ ಪಕ್ಕದ ಕಾಗದವೇ ಹೇಳುತ್ತಿತ್ತು. ಆ ಪಕ್ಕವನ್ನೇ ನಾನು ತೆಗೆದುಬಿಟ್ಟಿದ್ದೆ.

ಈಗ ಬಿಚ್ಚುವ ಮೊದಲೇ ರುಮಾಲಿನ ಫೋಟೋ, ಆಮೇಲೆ ಮೇಲಿಂದ ಕೆಳಗೆ ಒಂದೊಂದಕ್ಕೆ ಪೆನ್ಸಿಲ್ ನಂಬರು. ಕಿಟಕಿ ಬೆಳಕು, ಫ್ಲ್ಯಾಶ್ ಇಲ್ಲ, ಪಕ್ಕದಲ್ಲಿ ಒಂದು ಅಳತೆ ಪಟ್ಟಿ. ಫೋಟೋಗಳ ಪ್ರತಿಗಳು ಮೂರು ಕಡೆ, ಅದರಲ್ಲಿ ಒಂದು ಹೊಳೆಯಿಂದ ದೂರ ಬೆಳಗಾವಿಯಲ್ಲಿ.

ಹೊಳೆ ಇಳಿದ ದಿನ ಮಗಳು ಸುಮ್ನೆ ತೆಗೆದ ಫೋಟೋ ಒಂದಿದೆ, ಬಿಚ್ಚಿದ ಒಂದು ರುಮಾಲಿನದು. ಅದನ್ನು ದೊಡ್ಡದು ಮಾಡಿ ನೋಡಿ ಮೇಲಿನ ಮೂರು ಕಾಗದದ ಕ್ರಮ ವಾಪಸ್ ಹಚ್ಚಿದೆ. ಕೆಳಗಿನವು ಆ ಫೋಟೋದಲ್ಲಿ ಕಾಣುವುದಿಲ್ಲ.