ಜೋತುಬಿದ್ದ ಕತ್ತಿನ ಚರ್ಮ: ಏನು ಮಾಡಬಹುದು, ಎಷ್ಟು ನಿರೀಕ್ಷಿಸಬಹುದು

ಮೊದಲು ಕನ್ನಡಿ ಮುಂದೆ ನಿಂತು ಸಮಸ್ಯೆ ಯಾವುದೆಂದು ನೋಡಿ. ಸಣ್ಣ ಗೆರೆ, ಒರಟುತನವಿದ್ದರೆ ಕ್ರೀಮ್‌ಗೆ ಸ್ವಲ್ಪ ಬಗ್ಗುತ್ತದೆ. ಗದ್ದದಿಂದ ಕೆಳಕ್ಕೆ ಹಗ್ಗದಂತೆ ಎದ್ದು ಕಾಣುವುದು ಪ್ಲಾಟಿಸ್ಮಾ, ಅಂದರೆ ಕತ್ತಿನ ಮುಂಭಾಗದ ತೆಳು ಸ್ನಾಯುವಿನ ಅಂಚು. ಅದಕ್ಕೆ ಕ್ರೀಮ್ ತಾಗುವುದೇ ಇಲ್ಲ. ಜೋಲುವ ಚರ್ಮವನ್ನಂತೂ ಯಾವ ಡಬ್ಬಿಯೂ ಮೇಲೆತ್ತದು, ಬೆಲೆ ಎಷ್ಟೇ ಇರಲಿ.

ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ಕತ್ತಿನ ಪಕ್ಕ, ಹಿಂಭಾಗಕ್ಕೂ ಹಚ್ಚಿ. ಬಿಸಿಲಲ್ಲಿದ್ದರೆ 2 ಗಂಟೆಗೊಮ್ಮೆ ಮತ್ತೆ. ಮುಖಕ್ಕೆ ಹಚ್ಚಿ ಗದ್ದದಲ್ಲೇ ನಿಲ್ಲಿಸುವುದು ಬಹುತೇಕರ ತಪ್ಪು.

ರಾತ್ರಿಗೆ ರೆಟಿನಾಲ್, ಅಂದರೆ ವಿಟಮಿನ್ ಎ ಇರುವ ಕ್ರೀಮ್. ಕತ್ತಿನ ಚರ್ಮ ತೆಳು, ಎಣ್ಣೆ ಗ್ರಂಥಿಗಳೂ ಕಡಿಮೆ. ಮುಖಕ್ಕೆ ಹಚ್ಚಿದಷ್ಟೇ ಹಚ್ಚಿದರೆ ಕೆಂಪಾಗಿ ಸಿಪ್ಪೆ ಏಳುತ್ತದೆ. ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಬಟಾಣಿ ಕಾಳಿನಷ್ಟು ರೆಟಿನಾಲ್, ವಾರಕ್ಕೆ ಎರಡೇ ರಾತ್ರಿ. ತಿಂಗಳು ಉರಿಯಿಲ್ಲದೆ ಕಳೆದರೆ ಒಂದು ರಾತ್ರಿ ಹೆಚ್ಚಿಸಿ. ಫಲ ಕಾಣಲು 3ರಿಂದ 6 ತಿಂಗಳು ಬೇಕು. ಗರ್ಭಿಣಿಯರಿಗೆ ಇದು ಬೇಡ.

ಕತ್ತು ಬಿಗಿಹಿಡಿಯುವ ವ್ಯಾಯಾಮವನ್ನು ನಾವು ಹೇಳುವುದಿಲ್ಲ: ಸ್ನಾಯು ಬಲಿತರೆ ಆ ಹಗ್ಗಗಳೇ ಇನ್ನಷ್ಟು ಎದ್ದು ಕಾಣಬಹುದು.

ಹಗ್ಗಗಳಿಗೆ ಬೊಟಾಕ್ಸ್ (ಸ್ನಾಯುವನ್ನು ಸಡಿಲಿಸುವ ಚುಚ್ಚುಮದ್ದು) ಕೆಲಸ ಮಾಡುತ್ತದೆ, ಆದರೆ ಸುಮಾರು 3–4 ತಿಂಗಳಷ್ಟೇ. ಪ್ರಮಾಣ ತಪ್ಪಿದರೆ ನುಂಗಲು ಕಷ್ಟವಾಗಬಹುದು. ಅಲ್ಟ್ರಾಸೌಂಡ್, ರೇಡಿಯೋ ತರಂಗದ ಚಿಕಿತ್ಸೆಯಿಂದ ಚರ್ಮಕ್ಕೆ ಸಿಗುವ ಬಿಗಿತ ಅಲ್ಪ. ಹೆಚ್ಚುವರಿ ಚರ್ಮವನ್ನು ನಿಜವಾಗಿ ತೆಗೆಯುವುದು ಶಸ್ತ್ರಚಿಕಿತ್ಸೆ ಮಾತ್ರ. ಹೊಲಿಗೆಯ ಕಲೆ, ಚರ್ಮದಡಿ ರಕ್ತ ಸೇರಿ ಹೆಪ್ಪುಗಟ್ಟುವ ಅಪಾಯ ಅದರ ಜೊತೆಗೇ ಬರುತ್ತವೆ. ತೂಕ ಇಳಿಸುತ್ತಿದ್ದರೆ ತೂಕ ನಿಂತ ಮೇಲೆಯೇ ಆ ಯೋಚನೆ ಮಾಡಿ.

ಏನೂ ಮಾಡದೆ ಇರುವುದೂ ಸರಿಯಾದ ಆಯ್ಕೆಯೇ, ಜೋಲುವ ಚರ್ಮ ರೋಗವಲ್ಲ. ಆದರೆ ಗಂಟು ಕೈಗೆ ಸಿಕ್ಕರೆ ಅಥವಾ ಒಂದೇ ಬದಿ ಊದಿಕೊಂಡರೆ ವೈದ್ಯರಿಗೆ ತೋರಿಸಿ.